ಕೌದಿಗೆ ಬಾರದ ಬನೇನು

ನನ್ನ ಗಂಡನ ಎದೆಯ ಮೇಲೆ ಏನೂ ಬರೆದಿಲ್ಲ. ಗಜೇಂದ್ರಗಡದಂಥ ಊರಿನಲ್ಲಿ ಇದೇನು ಸಣ್ಣ ಮಾತೆಂದು ತಿಳಿಯಬೇಡಿ. ನಂಬಿಕೆ ಬರದಿದ್ದರೆ ನಮ್ಮ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತು ನೋಡಿ. ಹೋಗಿ ಬರುವ ಗಂಡಸರ ಎದೆಯ ಮೇಲೆಲ್ಲ ಇಂಗ್ಲಿಷಿನಲ್ಲಿ ಏನೇನೋ ಇರುತ್ತದೆ. ಒಬ್ಬನ ಮೇಲೆ ಹುಲಿ, ಒಬ್ಬನ ಮೇಲೆ ತಲೆಬುರುಡೆ, ಮತ್ತೊಬ್ಬನ ಮೇಲೆ ಅವನ ವಂಶದಲ್ಲಿ ಯಾರೂ ಕಾಣದ ಯಾವುದೋ ಸಮುದ್ರದ ಊರಿನ ಹೆಸರು. ಹಾಕಿಕೊಂಡವನಿಗೆ ಅದರ ಅರ್ಥ ಗೊತ್ತಿಲ್ಲ, ಗೊತ್ತಿದ್ದವರು ಹೇಳುವುದಿಲ್ಲ. ಇಂಥವರ ನಡುವೆ ನಮ್ಮವರು ಒರೆಸಿಟ್ಟ ಪಾಟಿಯ ಹಾಗೆ ಓಡಾಡುತ್ತಾರೆ. ಆ ಪಾಟಿ ಒರೆಸಿದವಳು ನಾನು.

ನಮ್ಮವರನ್ನು ಊರಲ್ಲಿ ಮೋಟರ್ ಬಸಪ್ಪ ಅಂತಲೇ ಕರೆಯುತ್ತಾರೆ. ಹೊಲದ ಬೋರಿನ ಮೋಟರು ಸುಟ್ಟಿತೆಂದರೆ ಜನ ಅದನ್ನು ಹೊತ್ತುಕೊಂಡು ಬರುವುದು ಇವರ ಅಂಗಡಿಗೇ. ಸುಟ್ಟ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಬಳಿದು ಕಾವಿಗೆ ಒಣಗಿಸಿ ಕೊಡುತ್ತಾರೆ. ದಿನವೆಲ್ಲ ಕಾವು, ಗ್ರೀಸು, ಬೆವರು. ಮೊದಲು ಇವರೂ ಎಲ್ಲರ ಹಾಗೆ ಗುಂಡಿಯ ಅಂಗಿಯನ್ನೇ ತೊಡುತ್ತಿದ್ದರು. ಒಂದು ಬೇಸಿಗೆಯಲ್ಲಿ ಪೈಪು ಮಾರುವವರು ಯಾರೋ ಪುಕ್ಕಟೆಯಾಗಿ ಒಂದು ಟೀಶರ್ಟ್ ಕೊಟ್ಟರು ನೋಡಿ, ಅವತ್ತಿನಿಂದ ಕಾಲರಿಗೂ ಗುಂಡಿಗೂ ದೊಡ್ಡ ಶರಣು ಹೊಡೆದುಬಿಟ್ಟರು. ಇದ್ದ ಅಂಗಿಗಳನ್ನು ಒಂದೊಂದಾಗಿ ಅಂಗಡಿಗೆ ಒಯ್ದು, ಹರಿದು, ಗ್ರೀಸು ಒರೆಸಿ ಮುಗಿಸಿದರು. ಮದುವೆ ಮುಂಜಿಗಳಲ್ಲಿ ಆಯೇರಿ ಬಂದ ಅಂಗಿಬಟ್ಟೆಯನ್ನು ಹೊಲಿಸುವ ಗೊಡವೆಗೇ ಹೋಗದೆ ಹಾಗೆಯೇ ಮತ್ತೊಬ್ಬರ ಮದುವೆಗೆ ಆಯೇರಿ ಮಾಡಿಸಿದರು. ಹೀಗೆ ನಮ್ಮ ಮನೆಯಲ್ಲಿ ಗಂಡಸಿನ ಅಂಗಿಯ ವಂಶ ನಿಂತುಹೋಯಿತು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಮೊದಲು ಟೀಶರ್ಟನ್ನು ಅವರೇ ತರುತ್ತಿದ್ದರು. ಗಂಡಸರು ಬಟ್ಟೆ ಆರಿಸುವ ರೀತಿ ನಿಮಗೆ ಗೊತ್ತೇ ಇದೆ. ಗಾಡಿಯ ಮುಂದೆ ನಿಲ್ಲುವುದು, ಮೇಲಿದ್ದದ್ದನ್ನು ಎತ್ತಿಕೊಳ್ಳುವುದು, ಮನೆಗೆ ಬರುವುದು. ಹಾಗೆ ತಂದ ಒಂದರ ಮೇಲೆ ಬಂಗಾರದ ಬಣ್ಣದ ಹೊಳೆಯುವ ಅಕ್ಷರಗಳಿದ್ದವು. ಅದನ್ನು ಹಾಕಿಕೊಂಡು ಒಂದು ದಿನ ಬೇರಿಂಗ್ ತರಲು ರೋಣಕ್ಕೆ ಹೋದರು. ಸಂಜೆ ಮನೆಗೆ ಬಂದಾಗ ಮುಖ ಬೇರೆಯೇ ಆಗಿತ್ತು. ಕೈಯಲ್ಲಿ ಪೇಢೆಯ ಪೊಟ್ಟಣ. ಬಂದವರೇ ನಮ್ಮತ್ತೆಯ ಮುಂದೆ ಹೋಗಿ ಕುಳಿತರು.

"ಯವ್ವಾ, ಇವತ್ತ ನಾ ಹುಟ್ಟಿದ ದಿನ ಏನ ಬೇ?"

ನಮ್ಮತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಲಿಲ್ಲ. "ನೀ ಹುಟ್ಟಿದ್ದು ಶೇಂಗಾ ಕೀಳೂ ಹೊತ್ತಿನಾಗ. ಈಗ ಶೇಂಗಾ ಎಲ್ಲಿ ಅದಾವೋ?" ಅಂದರು.

"ಮತ್ತ ರೋಣದ ಬಸ್ ಸ್ಟ್ಯಾಂಡಿನ್ಯಾಗ ಕಾಲೇಜ ಹುಡುಗ್ಯಾರೆಲ್ಲಾ 'ಹ್ಯಾಪಿ ಬರ್ತ್‌ಡೇ ಕಾಕಾ' ಅಂತ ಕೈ ಕೊಟ್ಟರು. ಕಂಡಕ್ಟರನೂ ಕೊಟ್ಟ. ನನಗ ಗೊತ್ತಿಲ್ಲದ್ದು ಅವರಿಗೆ ಹ್ಯಾಂಗ ಗೊತ್ತಾತಂತ ಪೇಢೆ ತಗೊಂಡ ಬಂದೆ."

ನಮ್ಮ ಮಗಳು ರೇಣುಕಾ ಆಗ ಇನ್ನೂ ಕಾಲೇಜಿಗೆ ಹೋಗುತ್ತಿದ್ದಳು. ಅಪ್ಪನ ಎದೆಯನ್ನು ಓದಿದಳು. ಓದಿದವಳು ನೆಲಕ್ಕೆ ಕುಳಿತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಬಿಕ್ಕುತ್ತ ಹೇಳಿದಳು: "ಅಪ್ಪಾ, 'ಇವತ್ತು ಹುಟ್ಟುಹಬ್ಬದ ಹುಡುಗಿ ನಾನs' ಅಂತ ಬರದೈತಿ!"

ಪೇಢೆಯನ್ನೇನೋ ಎಲ್ಲರೂ ತಿಂದೆವು. ಚಲೋ ಇದ್ದವು. ಆದರೆ ಅವತ್ತೇ ನಮ್ಮವರು ಆ ಟೀಶರ್ಟನ್ನು ಕಳಚಿ ನನ್ನ ಕೈಗಿಟ್ಟು, "ಇನ್ನ ಮ್ಯಾಲ ನೀನs ತಾ. ಬರದದ್ದು ಬ್ಯಾಡ. ಸಾದಾ ಇರಲಿ, ಅರಳಿದ್ದು ಇರಲಿ, ಬಾಳಕಿ ಬರಲಿ," ಅಂದರು. ಅರಳಿ ಅಂದರೆ ಹತ್ತಿ. ಹತ್ತಿಯದು, ಗಟ್ಟಿಯದು, ಅಗ್ಗದ್ದು, ಮೈಮೇಲೆ ಒಂದಕ್ಷರವೂ ಇಲ್ಲದ್ದು. ಇಷ್ಟು ಗುಣ ಇರುವ ವರವನ್ನು ಮಗಳಿಗೂ ನಾವು ಹುಡುಕಿರಲಿಲ್ಲ.

ಬಟ್ಟೆಯ ವಿಷಯದಲ್ಲಿ ನನಗೆ ಸ್ವಲ್ಪ ಸೊಕ್ಕು. ಇದ್ದರೆ ತಪ್ಪೇನು, ನಾನು ಅಬ್ಬಿಗೇರಿಯವಳು. ನಮ್ಮಪ್ಪನದು ಎರೆ ಹೊಲ. ಹತ್ತಿ ಬಿಡಿಸುವ ಹೊತ್ತಿನಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಮನುಷ್ಯರಿಗೆ ಜಾಗ ಇರುತ್ತಿರಲಿಲ್ಲ. ಗೋಡೆಗೆ ಹಚ್ಚಿ ಹತ್ತಿ ಒಟ್ಟಿರುತ್ತಿದ್ದರು. ನಾವು ಹುಡುಗರು ಅದರಲ್ಲಿ ಬಿದ್ದು, ಹೂತು, ಒಬ್ಬರನ್ನೊಬ್ಬರು ಹುಡುಕಿ ಆಡುತ್ತಿದ್ದೆವು. ಬರೀ ಮೆತ್ತಗೆ ಇರುತ್ತದೆಂದು ತಿಳಿಯಬೇಡಿ. ಒಣಗಿದ ಎಲೆಯ ಚೂರು, ಕಾಯಿಯ ಮೊನೆ ಬೆನ್ನಿಗೆಲ್ಲ ಚುಚ್ಚುತ್ತವೆ. ಮುಂಜಾನೆ ಅವ್ವ ಎಷ್ಟು ಬಾಚಿದರೂ ನನ್ನ ತಲೆಯಲ್ಲಿ ಎಳೆ ಉಳಿದೇ ಉಳಿಯುತ್ತಿತ್ತು. ಸಾಲಿಯಲ್ಲಿ ಮಾಸ್ತರರು, "ಏನವಾ, ನಿನ್ನೆ ಹುಡುಗಿ ಇದ್ದಿ, ಇವತ್ತ ಮುದುಕಿ ಆಗಿ ಬಂದೀಯಲ್ಲ," ಅನ್ನುತ್ತಿದ್ದರು. ಈಗ ತಲೆ ನಿಜವಾಗಿಯೂ ಬೆಳ್ಳಗಾಗಿದೆ, ಹಾಗೆ ಅನ್ನಲು ಆ ಮಾಸ್ತರರು ಇಲ್ಲ.

ಮನೆಯ ತುಂಬ ಹತ್ತಿ ಇದ್ದರೂ ಮೈಮೇಲೆ ಬಟ್ಟೆ ಬರುತ್ತಿದ್ದುದು ವರ್ಷಕ್ಕೊಮ್ಮೆ. ಅವ್ವ ನಮ್ಮನ್ನೆಲ್ಲ ಕಟ್ಟಿಕೊಂಡು ರೋಣದ ಬಟ್ಟೆ ಅಂಗಡಿಗೆ ಹೋಗುತ್ತಿದ್ದಳು. ಅಂಗಡಿಯವರು ಥಾನಿನ ಮೇಲೆ ಥಾನು ಬಿಚ್ಚಿ ಹಾಸಬೇಕು, ಅವ್ವ ಹೆಬ್ಬೆರಳನ್ನು ನಾಲಿಗೆಗೆ ಹಚ್ಚಿ ತಿಕ್ಕಿ ನೋಡಬೇಕು, ಬಾಗಿಲಿಗೆ ಬಂದು ಬೆಳಕಿಗೆ ಹಿಡಿಯಬೇಕು. ಬಣ್ಣ ನೋಡುತ್ತಿರಲಿಲ್ಲ, ಹೂವು ನೋಡುತ್ತಿರಲಿಲ್ಲ. ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಇದು ಹಳೇದಾದ ಮ್ಯಾಲ ಕೌದಿಗೆ ಬರತೈತೇನ್ರಿ?"

ಅಂಗಡಿಯವರು ಹಣೆಗೆ ಕೈ ಹಚ್ಚುತ್ತಿದ್ದರು. "ಅಲ್ಲವಾ, ಇನ್ನೂ ಹೊಸಾದು ತಗೊಂಡಿಲ್ಲ, ಆಗಲೇ ಹಳೇದು ಮಾಡಾಕತ್ತೀರಿ!"

ಅವ್ವನ ಲೆಕ್ಕವೇ ಬೇರೆ. ಬಟ್ಟೆ ಮೊದಲು ಹಬ್ಬಕ್ಕೆ, ಆಮೇಲೆ ಸಾಲಿಗೆ, ಆಮೇಲೆ ಹೊಲಕ್ಕೆ, ಕೊನೆಗೆ ಕೌದಿಗೆ. ಹಳೆಯ ಸೀರೆ, ಧೋತರಗಳನ್ನು ಪದರು ಪದರು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಉದ್ದ ಸೂಜಿಯಿಂದ ಸಾಲು ಹೊಲಿದರೆ ಅದು ಕೌದಿ. ಕೌದಿಗೆ ಬಾರದ ಬಟ್ಟೆ ಅವ್ವನ ಕಣ್ಣಿನಲ್ಲಿ ಬಟ್ಟೆಯೇ ಅಲ್ಲ. ಅವಳಿಂದ ನಾನು ಹೆಬ್ಬೆರಳು ಕಲಿತೆ, ಬೆಳಕು ಕಲಿತೆ. ಆ ಕೊನೆಯ ಪ್ರಶ್ನೆಯೊಂದನ್ನು ಮರೆತೆ.

ಇಷ್ಟೆಲ್ಲ ವಿದ್ಯೆ ಹೊತ್ತುಕೊಂಡು ನಾನು ಹುಸೇನಸಾಬರ ಅಂಗಡಿಗೆ ಹೋದೆ. ಬಸ್ ಸ್ಟ್ಯಾಂಡಿನಿಂದ ಪೇಟೆಗೆ ತಿರುಗುವಲ್ಲಿ ಅವರದು ರೆಡಿಮೇಡ್ ಬಟ್ಟೆಯ ಅಂಗಡಿ. ಮನುಷ್ಯ ಭಾಳ ಸಮಾಧಾನಿ. ನನ್ನ ಕಾಟಕ್ಕೆ ಅವರ ಸಮಾಧಾನ ಸ್ವಲ್ಪ ಸವೆದಿದೆ.

"ಸಾದಾ ಟೀಶರ್ಟ್ ಕೊಡ್ರಿ ಅಣ್ಣಾರ," ಅಂದೆ.

"ಸಾದಾ ಈಗ ಯಾರೂ ಕೇಳಂಗಿಲ್ರಿ ಅಕ್ಕಾರ. ಎಲ್ಲಾರಿಗೂ ಡಿಜೈನ್ ಬೇಕು."

"ನಮ್ಮವರ ಹೊಟ್ಟೀನ ಒಂದು ಡಿಜೈನ್ ಐತ್ರಿ. ಅದರ ಮ್ಯಾಲ ಮತ್ತೊಂದು ಯಾಕ?"

ಅವರು ನಗುತ್ತ ಮೂಲೆಯ ಕಟ್ಟು ಬಿಚ್ಚಿದರು. ನಾನು ಪರೀಕ್ಷೆ ಶುರು ಮಾಡಿದೆ. ಮೊದಲು ಕೊರಳು. ಕೊರಳಿನಲ್ಲಿ ಮುಷ್ಟಿ ಹಾಕಿ ಜಗ್ಗಿ ಬಿಡುವುದು. ತಿರುಗಿ ತನ್ನ ಜಾಗಕ್ಕೆ ಬಂದರೆ ಪಾಸು; ಬಾಯಿ ತೆರೆದುಕೊಂಡೇ ಉಳಿದರೆ ಬದಿಗೆ. ಆಮೇಲೆ ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿಯುವುದು. ಬಟ್ಟೆಯೊಳಗಿಂದ ಗುಡ್ಡದ ಮೇಲಿನ ಕೋಟೆ ಕಂಡರೆ ಆ ಬಟ್ಟೆ ನಮಗೆ ಬೇಡ. ಅಂಗೈಯಲ್ಲಿಟ್ಟು ತಿಕ್ಕಿದರೆ ಗಂಜಿಯ ಪುಡಿ ಉದುರಬಾರದು. ಗಂಜಿಯಿಂದ ದಪ್ಪ ಕಂಡದ್ದು ಮೊದಲ ಒಗೆತಕ್ಕೇ ಬಡವಾಗುತ್ತದೆ. ನೆಲಕ್ಕೆ ಹಾಸಿ ಬಗಲಿನ ಹೊಲಿಗೆ ನೆಟ್ಟಗಿದೆಯೇ ನೋಡಬೇಕು. ವಾರೆ ಇದ್ದರೆ ಎರಡು ಸಲ ಒಗೆಯುವುದರೊಳಗೆ ಬಗಲಿನದು ಹೊಟ್ಟೆಗೆ ಬಂದು ನಿಲ್ಲುತ್ತದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಹುಸೇನಸಾಬರು ಏನೂ ಅನ್ನುತ್ತಿರಲಿಲ್ಲ. ನಾನು ಅಂಚಿನಿಂದ ಒಂದು ಎಳೆ ಕಿತ್ತು, ಚೀಲದಿಂದ ಕಡ್ಡಿಪೆಟ್ಟಿಗೆ ತೆಗೆದು ಗೀರಿದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪ್ಲಾಸ್ಟಿಕ್ಕಿನ ಎಳೆಯಾದರೆ ಕರಗಿ ಗಟ್ಟಿ ಗುಂಡಾಗುತ್ತದೆ.

"ಯಾ ಅಲ್ಲಾ! ಅಕ್ಕಾರ, ಅಂಗಡಿಗೆ ಬೆಂಕಿ ಹಚ್ಚತೀರೇನ್ರಿ!"

ಎಳೆ ಬೂದಿಯಾಯಿತು. ಬೂದಿಬಣ್ಣದ್ದೇ ಎರಡು ಕೊಂಡೆ. ಅವತ್ತಿನಿಂದ ನಾನು ಅವರ ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕು, ಒಳಗಿನಿಂದ ಕೂಗುತ್ತಾರೆ: "ಬರ್ರಿ ಅಕ್ಕಾರ, ಚಪ್ಪಲ್ ಬೇಕಂದ್ರ ಒಳಗ ತರ್ರಿ, ಕಡ್ಡಿಪೆಟ್ಟಿಗಿ ಹೊರಗ ಬಿಡ್ರಿ!"

ಈ ಚಟ ಹೆಚ್ಚಾಗುತ್ತ ಹೋಯಿತು. ಎಲ್ಲಿ ಯಾರ ಮೈಮೇಲೆ ಸಾದಾ ಟೀಶರ್ಟ್ ಕಂಡರೂ ಕೈ ತುರಿಸುತ್ತಿತ್ತು. ರೇಣುಕಾಳನ್ನು ನರಗುಂದಕ್ಕೆ ಕೊಟ್ಟ ಮೇಲೆ ಆ ದಾರಿಯ ಬಸ್ಸು ನನಗೆ ರೂಢಿಯಾಯಿತು. ಒಮ್ಮೆ ಮುಂದಿನ ಸೀಟಿನಲ್ಲಿ ಒಬ್ಬರು ಕುಳಿತಿದ್ದರು. ಕಡುನೀಲಿ ಬಣ್ಣ, ಎಷ್ಟು ಒಗೆದಿದ್ದರೂ ಭುಜ ಕುಸಿದಿಲ್ಲ, ಹೊಲಿಗೆ ಸರಿದಿಲ್ಲ. ನೋಡಿಯೇ ನೋಡಿದೆ. ಬಸ್ಸು ಕುಲುಕಿದ ನೆವ ಮಾಡಿ ತೋಳಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದೆ. ಅವರು ಗಕ್ಕನೆ ತಿರುಗಿದರು.

"ಏನ್ರಿ ಯವ್ವಾ?"

"ಏನಿಲ್ರಿ. ಅರಿವಿ ಭಾಳ ಚಲೋ ಐತಿ. ಎಲ್ಲಿ ತಗೊಂಡ್ರಿ?"

ಅವರು ಪಕ್ಕದಲ್ಲಿದ್ದ ತಮ್ಮ ಹೆಂಡತಿಯ ಮುಖ ನೋಡಿದರು. ಆಕೆ ನನ್ನ ಮುಖ ನೋಡಿದಳು. ಚಿಕ್ಕನರಗುಂದ ಬರುವವರೆಗೆ ಆಕೆ ಗಂಡನ ಆ ತೋಳಿನ ಮೇಲೆ ಕೈ ಇಟ್ಟುಕೊಂಡೇ ಕುಳಿತಳು. ಇಳಿಯುವಾಗ ಆಕೆ ಗಂಡನನ್ನು ಮುಂದೆ ಹಾಕಿಕೊಂಡು ಇಳಿದಳು. ಎಲ್ಲಿ ಕೊಂಡದ್ದೆಂದು ಇವತ್ತಿಗೂ ನನಗೆ ತಿಳಿದಿಲ್ಲ.

ನನ್ನ ಈ ಎಲ್ಲ ಸಾಹಸವನ್ನು ಒಂದೇ ಮಾತಿನಲ್ಲಿ ನೆಲಕ್ಕೆ ಕೆಡವುವವರು ಮನೆಯಲ್ಲೇ ಇದ್ದರು. ನಮ್ಮತ್ತೆ. ಅವರ ಕಾನೂನು ಬಹಳ ಸರಳ: ಗುಂಡಿ ಇದ್ದರೆ ಅಂಗಿ, ಇಲ್ಲದಿದ್ದರೆ ಬನೇನು. ದಪ್ಪ ತೆಳುವು, ಬಣ್ಣ ಬಿಳುಪು, ಅಗ್ಗ ತುಟ್ಟಿ ಅವರಿಗೆ ಲೆಕ್ಕಕ್ಕಿಲ್ಲ. ದಿನಾ ಮುಂಜಾನೆ ನಮ್ಮವರು ಅಂಗಡಿಗೆ ಹೊರಟು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಧ್ವನಿ ಬರಲೇಬೇಕು.

"ಏ ಬಸ್ಯಾ, ಬನೇನ ಮ್ಯಾಲ ಹೊಂಟೀಯೇನೋ? ಅಂಗಿ ಹಾಕ್ಕೋ."

"ಯವ್ವಾ, ಇದು ಬನೇನಲ್ಲ ಬೇ. ಟೀಶರ್ಟ್."

"ಏನರ ಅನ್ನು. ಗುಂಡಿ ಎಲ್ಲಿ ಅದಾವ?"

ಗುಂಡಿ ಇರಲಿಲ್ಲ. ನಮ್ಮವರು ಬನೇನಿನ ಮೇಲೆಯೇ ಹೋಗುತ್ತಿದ್ದರು. ಒಮ್ಮೆ ನಾನೇ ಸೊಕ್ಕಿನಿಂದ ಹುಸೇನಸಾಬರಲ್ಲಿ ತಂದ ಒಳ್ಳೆಯ ಕೆಂಪಿನದೊಂದನ್ನು ಅತ್ತೆಯ ಕೈಗೆ ಕೊಟ್ಟು, "ನೋಡ್ರಿ ಅತ್ತೀ, ಎಷ್ಟ ಗಟ್ಟಿ ಐತಿ," ಅಂದೆ. ಅವರು ಕಣ್ಣ ಹತ್ತಿರ ಹಿಡಿದು, ಹಿಂದೆ ಮುಂದೆ ತಿರುವಿ ನೋಡಿ, "ಚಲೋ ಐತಿ. ಬಣ್ಣದ ಬನೇನ," ಅಂದರು.

ಹೀಗೆಯೇ ನಗುನಗುತ್ತ ನಡೆದಿತ್ತು. ರೇಣುಕಾ ಬಾಣಂತನಕ್ಕೆ ಬಂದಳು, ಗಂಡುಕೂಸು ಹುಟ್ಟಿತು. ಐದನೆಯ ತಿಂಗಳಿಗೆ ಕೂಸನ್ನು ತೊಟ್ಟಿಲ ಸಮೇತ ನರಗುಂದಕ್ಕೆ ಕಳಿಸುವುದೆಂದು ಮಾತಾಯಿತು. ತೊಟ್ಟಿಲೆಂದ ಮೇಲೆ ಕೌದಿ ಬೇಕಲ್ಲ. ನಮ್ಮತ್ತೆ ಟ್ರಂಕು ತೆಗೆಸಿ ಹಳೆಯ ಅರಿವೆಗಳನ್ನೆಲ್ಲ ಪಡಸಾಲೆಯಲ್ಲಿ ಹರಡಿದರು. ಕಣ್ಣು ಮಂಜಾದರೂ ಅವರ ಬೆರಳು ಚುರುಕು. ನನ್ನ ಇಳಕಲ್ ಸೀರೆಯ ತುಂಡು, ರೇಣುಕಾಳ ಲಂಗದ ತುಂಡು, ಅವಳ ಅತ್ತೆಯ ಮನೆಯಿಂದ ತರಿಸಿದ ಬೀಗರ ಧೋತರದ ತುಂಡು, ಎಲ್ಲವನ್ನೂ ಜೋಡಿಸಿದರು. ನಟ್ಟನಡುವೆ ಒಂದು ಚೌಕ ಮಾತ್ರ ಖಾಲಿ ಬಿಟ್ಟರು.

"ಅಲ್ಲೇನ ಹಚ್ಚತೀರಿ ಅತ್ತೀ?"

"ಅಲ್ಲಿ ಹೆತ್ತ ಮನಿ ಅಜ್ಜನ ಅರಿವಿ ಬರಬೇಕು. ಮೈಮ್ಯಾಲ ಹಾಕ್ಕೊಂಡು ಮೆತ್ತಗಾಗಿದ್ದು. ರೇಣುಕಾನ ಕೌದಿಗೆ ನಿಮ್ಮಪ್ಪನ ಧೋತರ ಹಚ್ಚಿರಲಿಲ್ಲೇನು, ಹಂಗ. ಬಸ್ಯಾಂದು ಒಂದು ಹಳೇ ಅಂಗಿ ಕೊಡು."

ಅಂಗಿ! ನಾನು ಕಪಾಟು ನೋಡಿದೆ, ಟ್ರಂಕು ನೋಡಿದೆ, ಅಟ್ಟ ನೋಡಿದೆ. ಎಲ್ಲ ಅಂಗಿಗಳೂ ಎಂದೋ ಗ್ರೀಸು ಒರೆಸಿ ಸತ್ತಿದ್ದವು. ಇದ್ದದ್ದೆಲ್ಲ ನಾನು ಮುಷ್ಟಿ ಹಾಕಿ ಜಗ್ಗಿ ತಂದ ಟೀಶರ್ಟುಗಳು. ಅವುಗಳಲ್ಲೇ ಭಾಳ ಮೆತ್ತಗಾಗಿದ್ದ ಒಂದನ್ನು ಕತ್ತರಿಸಿ ತಂದೆ. ಕತ್ತರಿಸಿದ್ದೇ ತಡ, ಅಂಚೆಲ್ಲ ಸುಟ್ಟ ಹಪ್ಪಳದ ಹಾಗೆ ಸುರುಳಿ ಸುತ್ತಿಕೊಂಡಿತು. ಬೆರಳಿನಿಂದ ಬಿಡಿಸಿ ಹಿಡಿದು ಹೊಲಿದೆ. ಸೂಜಿ ಎಳೆದಲ್ಲೆಲ್ಲ ಜಗ್ಗಿ, ನೆರಿಗೆ ಬಿದ್ದು, ನಡುವೆ ಒಂದು ಗುಡ್ಡವೇ ಎದ್ದಿತು. ನಮ್ಮತ್ತೆ ಕೈಯಾಡಿಸಿ ನೋಡಿದರು. ಸಿಟ್ಟು ಮಾಡಲಿಲ್ಲ. ಕತ್ತರಿ ತಗೊಂಡು ಹೊಲಿಗೆ ಬಿಚ್ಚಿದರು.

"ಕೂಸಿನ ಬೆನ್ನಿಗೆ ಒತ್ತತೈತಿ. ಬನೇನ ಜಗ್ಗತೈತವಾ, ಕೌದಿಗೆ ಬರಂಗಿಲ್ಲ."

ನನ್ನ ಅವ್ವ ರೋಣದ ಅಂಗಡಿಯಿಂದ ಎದ್ದು ಬಂದು ಎದುರಿಗೆ ನಿಂತ ಹಾಗಾಯಿತು. ಎಲ್ಲ ಪರೀಕ್ಷೆ ಮಾಡಿದವಳು ಇದೊಂದನ್ನು ಕೇಳಿರಲಿಲ್ಲವಲ್ಲ! ಬಾಗಿಲಲ್ಲಿ ನಮ್ಮವರು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಇರಲಿ ಬಿಡ್ರಿ, ಯಾರದರ ಹಚ್ಚರಿ. ಕೂಸಿಗೇನ ಗೊತ್ತಾಗತೈತಿ," ಅಂದು ಒಳಗೆ ಹೋದರು. ಹೋಗಿ ರೇಣುಕಾಳ ಹಳೆಯ ಕೌದಿಯನ್ನು ತೆಗೆದು, ನಡುವಿದ್ದ ನಮ್ಮಪ್ಪನ ಧೋತರದ ಚೌಕದ ಮೇಲೆ ಕೈ ಇಟ್ಟುಕೊಂಡು ಕುಳಿತರು. ಅಜ್ಜನಾದ ಮೇಲೆ ಅವರು ಬೇಡಿದ್ದು ಅಂಗೈ ಅಗಲದ ಆ ಒಂದು ಜಾಗ. ಅದೂ ತಮಗಿಲ್ಲವಲ್ಲ ಅನ್ನುವ ಸಂಕಟ ಅವರ ಮುಖದ ಮೇಲೆ ನನಗೆ ಕಂಡಿತು. ಭಾಳ ಕೆಟ್ಟೆನಿಸಿತು.

ಮರುವಾರ ನಮ್ಮವರು ಮೈಮೇಲೆ ಹೊಸ ಅಂಗಿ ಹಾಕಿಕೊಂಡು ಮನೆಗೆ ಬಂದರು. ಪೂರ್ಣ ತೋಳು, ಕಾಲರು, ಗುಂಡಿ, ಕಿಸೆ, ಎಲ್ಲ ಇತ್ತು. ನಮ್ಮತ್ತೆ, "ಈಗ ನೋಡು, ಮನುಷ್ಯಾ ಕಂಡಂಗ ಕಾಣಾಕತ್ತಿ," ಅಂದರು. ಮರುದಿನ ಅದನ್ನೇ ಹಾಕಿಕೊಂಡು ಅಂಗಡಿಗೆ ಹೋದರು. ಕಡು ಬೇಸಿಗೆ. ಕಾದ ಮೋಟರುಗಳ ಮುಂದೆ ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಕುಳಿತರು. ಬೆನ್ನಿಗೆಲ್ಲ ಬೆವರುಸಾಲೆ. ಸಂಜೆ ಬಂದು ತಾವೇ ಕಲ್ಲಿಗೆ ಹಾಕಿ ದಬದಬ ಬಡಿದು ಒಗೆಯುವುದು, ಮುಂಜಾನೆ ಮತ್ತೆ ಅದನ್ನೇ ಹಾಕಿಕೊಳ್ಳುವುದು.

ನಾನು ಸುಮ್ಮನಿರುವವಳೇ? "ಏನ್ರಿ, ಎರಡನೇ ಮದಿವಿ ವಿಚಾರ ಏನರ ಐತೇನು?" ಅಂದೆ.

ಅವರು ಅಂಗಿ ಹಿಂಡುತ್ತಿದ್ದವರು ನನ್ನ ಕಡೆ ನೋಡದೆ ಹೇಳಿದರು: "ಹಳೇದ ಮಾಡಾಕತ್ತೇನಿ. ಕೂಸು ಹೋಗೂದರಾಗ ಮೆತ್ತಗಾದ್ರ ಅವ್ವ ಹಚ್ಚತಾಳು."

ನನಗೆ ಮೊದಲು ನಗು ಬಂತು. ಆ ನಗು ಅರ್ಧಕ್ಕೇ ನಿಂತಿತು. ಅವರ ಕೈಯಿಂದ ಅಂಗಿ ಇಸಕೊಂಡು ಹರವುವಾಗ ಹೆಬ್ಬೆರಳು ಸುಮ್ಮನಿರಬೇಕಲ್ಲ, ತಿಕ್ಕಿ ನೋಡಿತು. ಟೆರಿಕಾಟ್! ಗಾಡಿಯ ಮುಂದೆ ನಿಂತು ಮೇಲಿದ್ದದ್ದನ್ನು ಎತ್ತಿಕೊಂಡು ಬಂದಿದ್ದರು. ಅರ್ಧಕ್ಕರ್ಧ ಪ್ಲಾಸ್ಟಿಕ್ಕಿನ ಎಳೆ, ತಿಳಿಯಲು ಕಡ್ಡಿಪೆಟ್ಟಿಗೆಯೂ ಬೇಕಾಗಿರಲಿಲ್ಲ. ಅದು ನಮ್ಮ ಕಾಲಕ್ಕೆ ಮೆತ್ತಗಾಗುವ ಬಟ್ಟೆಯಲ್ಲ. ಹೇಳಲು ನನಗೆ ಬಾಯಿ ಬರಲಿಲ್ಲ. ಅವರು ಇಲ್ಲದ ಹೊತ್ತು ನೋಡಿ ನಾನೂ ಅದನ್ನು ಕಲ್ಲಿಗೆ ಹಾಕಿ ಬಡಿದೆ. ಗಟ್ಟಿ ಬಟ್ಟೆ ಬೇಕೆಂದು ಊರೆಲ್ಲ ಅಲೆದವಳು, ಈ ಅಂಗಿ ಒಂದು ಸಲ ಸೋಲಲಿ ದೇವರೇ ಎಂದು ಬೇಡಿಕೊಂಡೆ. ಕಲ್ಲು ಸವೆದೀತು, ಅಂಗಿ ಸವೆಯಲಿಲ್ಲ.

ಕೂಸಿಗೂ ಅದು ಸೇರುತ್ತಿರಲಿಲ್ಲ. ಸಂಜೆ ಅಜ್ಜ ಬಂದು ಎದೆಯ ಮೇಲೆ ಹಾಕಿಕೊಂಡರೇನೇ ಅದಕ್ಕೆ ನಿದ್ದೆ. ಅಂಗಿಯ ಕಿಸೆಗೆ, ಗುಂಡಿಗೆ ಕೆನ್ನೆ ತಾಗಿದರೆ ಕಿರ್ರನೆ ಚೀರುತ್ತಿತ್ತು. ನಮ್ಮವರು ಅಂಗಿ ಕಳಚಿ ಹಳೆಯ ಬೂದಿಬಣ್ಣದ ಟೀಶರ್ಟ್ ಹಾಕಿಕೊಂಡು ಬಂದರೆ, ಅದರ ಕೊರಳನ್ನು ಮುಷ್ಟಿಯಲ್ಲಿ ಹಿಡಿದು, ಜೊಲ್ಲು ಸುರಿಸುತ್ತ ಮಲಗುತ್ತಿತ್ತು. ನಾವು ಯಾರೂ ಇದನ್ನು ದೊಡ್ಡದು ಮಾಡಲಿಲ್ಲ. ನಮ್ಮ ಚಿತ್ತವೆಲ್ಲ ಕೌದಿಯ ಆ ಚೌಕದ ಮೇಲಿತ್ತು.

ಕೂಸು ಹೊರಡುವ ಹಿಂದಿನ ದಿನ ನಮ್ಮವರು ಅಂಗಿಯನ್ನು ಮಡಚಿ ತಮ್ಮವ್ವನ ಮುಂದಿಟ್ಟರು. ನಮ್ಮತ್ತೆ ಎರಡೂ ಕೈಯಿಂದ ಸವರಿದರು, ಹಿಚುಕಿದರು.

"ಇದು ಟೆರಿಕಾಟ್ ಐತಲ್ಲೋ ಬಸ್ಯಾ. ಇದು ಹಳೇದಾಗೂದರಾಗ ನಿನ್ನ ಮೊಮ್ಮಗ ಅಜ್ಜ ಆಗತಾನ."

ರೇಣುಕಾ ನಕ್ಕಳು. ನಾನು ನಗಲಿಲ್ಲ. ನಮ್ಮವರು "ಹೌದೇನು" ಅಂದು ಅಂಗಿಯನ್ನು ತಿರುಗಿ ಎತ್ತಿಕೊಂಡರು. ನಮ್ಮತ್ತೆಗೂ ಏನೋ ಕಸಿವಿಸಿಯಾಗಿರಬೇಕು. ಬೇರೆ ತುಂಡು ಹಚ್ಚೋಣವೇ ಎಂದು ನಾನು ಕೇಳಿದರೆ ಒಲ್ಲೆ ಅಂದರು. ನಡುವೆ ಬರೀ ಬಿಳಿಯ ಅಸ್ತರು ಕಾಣುವ ಹಾಗೆಯೇ ಕೌದಿಯನ್ನು ಸುತ್ತಿಟ್ಟರು.

ಮರುದಿನ ನರಗುಂದದಿಂದ ಅಳಿಯ, ಬೀಗರು, ಬೀಗಿತಿ ಗಾಡಿ ಮಾಡಿಕೊಂಡು ಬಂದರು. ಬೀಗರ ಮುಂದೆ ಬನೇನಿನ ಮೇಲೆ ಕೂಡ್ರುವುದೇ? ನಾನೇ ಗದರಿಸಿ ಆ ಟೆರಿಕಾಟ್ ಅಂಗಿ ಹಾಕಿಸಿದ್ದೆ. ಊಟ, ಉಡಿತುಂಬುವುದು ಎಲ್ಲ ಮುಗಿಯಿತು. ತೊಟ್ಟಿಲನ್ನು ಗಾಡಿಯ ಮೇಲೆ ಕಟ್ಟಿದರು. ರೇಣುಕಾ ಒಳಗೆ ಕುಳಿತಳು. ಓಣಿಯ ಹೆಂಗಸರೆಲ್ಲ ಕಟ್ಟೆಗೆ ಬಂದು ನಿಂತಿದ್ದರು. ಕೂಸು ಕೈಯಿಂದ ಕೈಗೆ ಹೋಗಿ, ಕೊನೆಗೆ ಅಜ್ಜನ ಕೈಗೆ ಬಂತು. ಕಿಸೆಗೆ ಕೆನ್ನೆ ತಾಗಿದ್ದೇ ತಡ, ಗುಡ್ಡಕ್ಕೆ ಕೇಳುವ ಹಾಗೆ ಚೀರಿತು. ನಾನು ಎತ್ತಿಕೊಂಡೆ, ಬೀಗಿತಿ ಎತ್ತಿಕೊಂಡರು, ರೇಣುಕಾ ಹಾಲು ಕೊಡಲು ನೋಡಿದಳು. ಊಹೂಂ. ಮುಖ ಕೆಂಪಾಗಿ ಉಸಿರು ಕಟ್ಟತೊಡಗಿತು.

ನಮ್ಮವರು ಟಪಟಪ ಗುಂಡಿ ಬಿಚ್ಚಿ ಆ ಅಂಗಿಯನ್ನು ಕಟ್ಟೆಯ ಮೇಲೆ ಒಗೆದರು. ಒಳಗೆ ಅದೇ ಬೂದಿಬಣ್ಣದ ಟೀಶರ್ಟ್ ಇತ್ತು. ಅತ್ತೆಯ ಮಾತು ನಿಜ ಮಾಡುವ ಹಾಗೆ ಅವತ್ತು ಅದನ್ನು ಖರೇನೇ ಬನೇನು ಮಾಡಿಕೊಂಡಿದ್ದರು. ಕೂಸನ್ನು ಎತ್ತಿಕೊಂಡರು. ಕೂಸು ಎರಡು ಸಲ ಬಿಕ್ಕಿ, ಕೊರಳನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿತು. ಡ್ರೈವರ್ ಹಾರ್ನ್ ಹೊಡೆದ. ಅಳಿಯ ಮೆಲ್ಲಗೆ ಆ ಬೆರಳುಗಳನ್ನು ಬಿಡಿಸಲು ನೋಡಿದ. ಮುಷ್ಟಿ ಬಿಡಲಿಲ್ಲ. ಹುಸೇನಸಾಬರ ಅಂಗಡಿಯಲ್ಲಿ ನಾನು ಜಗ್ಗಿ ಪಾಸು ಮಾಡಿದ್ದ ಕೊರಳು ಅದು, ಜಗ್ಗಿದಷ್ಟೂ ಹಿಂದಕ್ಕೆ ಹೋಗುತ್ತಿತ್ತು.

ಆಗ ನಮ್ಮವರು ಕೂಸನ್ನು ಅಳಿಯನ ಕೈಗೆ ಕೊಟ್ಟು, ಕೊರಳು ಅದರ ಮುಷ್ಟಿಯಲ್ಲೇ ಇರುವ ಹಾಗೆ ಬಗ್ಗಿ, ಒಂದೊಂದೇ ತೋಳು ಬಿಡಿಸಿಕೊಂಡು, ತಲೆಯನ್ನು ಟೀಶರ್ಟಿನಿಂದ ಹೊರಗೆ ತೆಗೆದರು. ಕೂದಲು ಕೆದರಿ, ಬರೀ ಮೈಯಲ್ಲಿ, ಆ ಡಿಜೈನ್ ಹೊಟ್ಟೆ ಬಿಟ್ಟುಕೊಂಡು, ಬೀಗರ ಮುಂದೆ, ಓಣಿಯ ಮುಂದೆ ನಿಂತರು! ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ನಾನು ಅತ್ತೆಯ ಕಡೆ ನೋಡಿದೆ. ಇಷ್ಟು ವರ್ಷದ ಬೈಗುಳವೆಲ್ಲ ಈಗ ಒಟ್ಟಿಗೆ ಬರುತ್ತದೆ ಅಂದುಕೊಂಡೆ.

ನಮ್ಮತ್ತೆ ಗೋಡೆ ಹಿಡಿದುಕೊಂಡು ಗಾಡಿಯ ಹತ್ತಿರ ಬಂದರು. ಕಂಕುಳಲ್ಲಿದ್ದ ಕೌದಿಯನ್ನು ಬಿಚ್ಚಿ ರೇಣುಕಾಳ ತೊಡೆಯ ಮೇಲೆ ಹಾಸಿದರು. ಕೂಸಿನ ಮುಷ್ಟಿಯಿಂದ ಇಳಿಬಿದ್ದಿದ್ದ ಟೀಶರ್ಟನ್ನು ಆ ಖಾಲಿ ಚೌಕದ ಮೇಲೆ ಹರವಿ, ಅಂಗೈಯಿಂದ ನಿರಿಗೆ ತೀಡಿ, ಕೂಸನ್ನು ಅದರ ಮೇಲೆ ಮಲಗಿಸಿದರು.

"ಇದನ್ನ ಹೊಲಿಯೂದು ಬ್ಯಾಡಾಗಿತ್ತು, ಹಾಸಿದ್ರ ಸಾಕಾಗಿತ್ತು. ಈಗ ಅಜ್ಜನ ಅರಿವಿ ಬಂತು," ಅಂದರು. "ಲಗೂನ ಒಗೀಬ್ಯಾಡ್ರಿ ಮತ್ತ. ವಾಸನಿ ಇರಲಿ."

ಗಾಡಿ ಹೋಯಿತು. ತಿರುವು ದಾಟುವವರೆಗೆ ನಮ್ಮವರು ಹಾಗೆಯೇ ನಿಂತಿದ್ದರು, ನಾನೂ ನಿಂತಿದ್ದೆ. ಓಣಿಯ ಹೆಂಗಸರು ಸೆರಗಿನಲ್ಲಿ ನಗುತ್ತ ಒಳಗೆ ಹೋದರು. ಕಟ್ಟೆಯ ಮೇಲಿದ್ದ ಟೆರಿಕಾಟ್ ಅಂಗಿಯನ್ನು ಎತ್ತಿ ಇವರ ಕೈಗೆ ಕೊಡಹೋದೆ. ಅಷ್ಟರಲ್ಲಿ ಒಳಗಿನಿಂದ ದಿನದ ಧ್ವನಿ ಬಂತು.

"ಏ ಬಸ್ಯಾ, ಎಷ್ಟೊತ್ತ ಬರೇ ಮೈಲೆ ನಿಂದರತೀಯೋ? ಒಳಗ ಬಾ. ತಂತಿ ಮ್ಯಾಲ ನಿನ್ನ ಅಂಗಿ ಒಣಗ್ಯಾವ, ಒಂದು ಹಾಕ್ಕೋ."

ನಾವಿಬ್ಬರೂ ಒಟ್ಟಿಗೆ ಹಿತ್ತಲ ಕಡೆ ನೋಡಿದೆವು. ತಂತಿಯ ತುಂಬ ಟೀಶರ್ಟುಗಳೇ, ಗುಂಡಿ ಇದ್ದದ್ದು ಒಂದೂ ಇರಲಿಲ್ಲ.